ಹಲ್ಲಿನ ತುತ್ತು: ಲೋಹ ಕೊಯ್ಯುವ ಬ್ಯಾಂಡ್ ಸಾ ಯಂತ್ರದ ದೋಷಪತ್ತೆ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಬೆಂಗಳೂರಿನ ಪೀಣ್ಯವಿರಲಿ, ಬೆಳಗಾವಿಯ ಉದ್ಯಮಬಾಗ್ ಇರಲಿ, ಲೇತು ಮಿಲ್ಲಿಂಗ್ ನಡೆಯುವ ಶೆಡ್ಡಿನ ಬಾಗಿಲಲ್ಲಿ ಉಕ್ಕಿನ ಸರಳುಗಳ ರಾಶಿಯ ಪಕ್ಕ ಒಂದು ಬ್ಯಾಂಡ್ ಸಾ ಇರುತ್ತದೆ. ಜಾಬ್ ಯಾವುದಾದರೂ ಮೊದಲ ಕೊಯ್ತ ಅಲ್ಲಿಯೇ. ಅಲ್ಲಿ ತುಂಡು ಎರಡು ಮಿಮೀ ಓರೆಯಾದರೆ ಆ ಎರಡು ಮಿಮೀ ಲೋಹವನ್ನು ಲೇತಿನವನು ತೆಗೆಯಬೇಕು. ಅದರ ಸಮಯ, ಟೂಲು, ಕರೆಂಟು ಎಲ್ಲವೂ ಲೇತಿನ ಖಾತೆಗೆ ಬೀಳುತ್ತವೆ. ದೋಷದ ಮೂಲ ಬಾಗಿಲ ಬಳಿಯ ಯಂತ್ರದಲ್ಲಿದೆ ಎಂಬುದು ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಈ ಯಂತ್ರದ ಬಗ್ಗೆ ಕೇಳಿಬರುವ ದೂರುಗಳು ಮುಖ್ಯವಾಗಿ ನಾಲ್ಕು: ‘ಕ್ರಾಸ್ ಹೋಗ್ತಿದೆ’, ‘ಹಲ್ಲು ಉದುರ್ತಿದೆ’, ‘ಬ್ಲೇಡು ಬೇಗ ಮೊಂಡಾಗ್ತಿದೆ’, ‘ಬ್ಲೇಡು ತುಂಡಾಯ್ತು’. ನಾಲ್ಕಕ್ಕೂ ಮೊದಲು ಸಿಗುವ ಪರಿಹಾರ ಮಾತ್ರ ಒಂದೇ: ‘ಲೋಡ್ ಕಮ್ಮಿ ಮಾಡು’. ಹಗುರವಾಗಿ ಕೊಯ್ದರೆ ಬ್ಲೇಡು ಬಾಳುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯನ್ನು ಲೆಕ್ಕಕ್ಕೆ ಒಡ್ಡಿ ನೋಡುವುದು ಈ ಟಿಪ್ಪಣಿಯ ಮೊದಲ ಕೆಲಸ. ನಾಲ್ಕು ದೂರುಗಳನ್ನು ಒಂದರಿಂದ ಒಂದು ಬಿಡಿಸಿ ನೋಡಲು ಶೆಡ್ಡಿನಲ್ಲೇ ಇರುವ ಸಲಕರಣೆಗಳಿಂದ ಮಾಡಬಹುದಾದ ಪರೀಕ್ಷೆಗಳನ್ನು ಕೊಡುವುದು ಎರಡನೆಯದು.

2. ಲೆಕ್ಕಕ್ಕೆ ಹಿಡಿದ ಯಂತ್ರ

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಮಾದರಿ ಇಟ್ಟುಕೊಂಡಿದ್ದೇನೆ. ಅಡ್ಡ ಮಾದರಿಯ ಯಂತ್ರ. ಬ್ಲೇಡನ್ನೂ ಚಕ್ರಗಳನ್ನೂ ಹೊತ್ತು ತನ್ನ ತೂಕದಿಂದ ಕೆಳಗಿಳಿಯುವ ಹೆಡ್. ಇಳಿಯುವ ವೇಗ ಹಿಡಿಯಲು ಹೈಡ್ರಾಲಿಕ್ ಸಿಲಿಂಡರ್ ಮತ್ತು ವಾಲ್ವ್. ಚಕ್ರಗಳ ವ್ಯಾಸ 400 ಮಿಮೀ, ಚಕ್ರಗಳ ನಡುವಿನ ಅಂತರ 1,100 ಮಿಮೀ. ಹಾಗಾಗಿ ಬ್ಲೇಡಿನ ಸುತ್ತಳತೆ ಸುಮಾರು 3.46 ಮೀಟರ್. ಬ್ಲೇಡಿನ ಅಗಲ 27 ಮಿಮೀ, ದಪ್ಪ 0.9 ಮಿಮೀ. ಹಲ್ಲು 3/4, ಅಂದರೆ ಇಂಚಿಗೆ ಮೂರರಿಂದ ನಾಲ್ಕು. ಹಲ್ಲಿನಿಂದ ಹಲ್ಲಿಗೆ ಸರಾಸರಿ 7.3 ಮಿಮೀ. ಬ್ಲೇಡು ಬೈಮೆಟಲ್ ಜಾತಿಯದು: ಬೆನ್ನು ಬಳುಕುವ ಸ್ಪ್ರಿಂಗ್ ಗುಣದ ಉಕ್ಕು, ಹಲ್ಲಿನ ತುದಿ ಗಡಸು ಹೈಸ್ಪೀಡ್ ಉಕ್ಕು, ಬಹಳ ಕಡೆ ಇದು ಶೇ. 8ರಷ್ಟು ಕೋಬಾಲ್ಟ್ ಇರುವ ಎಂ-42. ಕೊಯ್ಯಬೇಕಾದದ್ದು 100 ಮಿಮೀ ವ್ಯಾಸದ ಎಂ.ಎಸ್. (ಮೈಲ್ಡ್ ಸ್ಟೀಲ್) ಸರಳು. ಬ್ಲೇಡಿನ ವೇಗ ನಿಮಿಷಕ್ಕೆ 60 ಮೀಟರ್.

ಯಂತ್ರದ ಮೇಲಿನ ಫಲಕದಲ್ಲಿ ಬರೆದ ವೇಗವೇ ನಿಜವಾದ ವೇಗ ಎಂದು ಒಪ್ಪಬೇಕಾಗಿಲ್ಲ. ಬೆಲ್ಟು ಸವೆದು ಜಾರುತ್ತಿರಬಹುದು, ಯಾರೋ ಪುಲ್ಲಿಯ ಮೆಟ್ಟಿಲು ಬದಲಿಸಿರಬಹುದು. ಯಂತ್ರ ನಿಲ್ಲಿಸಿ ಬ್ಲೇಡಿನ ಬದಿಗೆ ಚಾಕ್‌ಪೀಸಿನಿಂದ ಗುರುತು ಹಾಕಬೇಕು. ಆಮೇಲೆ ಚಾಲೂ ಮಾಡಿ ದೂರ ನಿಂತು ಒಂದು ನಿಮಿಷ ಎಣಿಸಬೇಕು. ನಮ್ಮ ಮಾದರಿಯಲ್ಲಿ ಗುರುತು ಹದಿನೇಳು ಸಲಕ್ಕಿಂತ ತುಸು ಹೆಚ್ಚು ಹಾದುಹೋದರೆ ವೇಗ 60 ಮೀಟರ್. ಇದೇ ಎಣಿಕೆಯನ್ನು ಕೊಯ್ಯುವಾಗಲೂ ಮಾಡಿ ನೋಡಿದರೆ ಬೆಲ್ಟು ಜಾರುತ್ತಿದೆಯೇ ಎಂಬುದೂ ಬಯಲಾಗುತ್ತದೆ.

3. ತುತ್ತಿನ ಲೆಕ್ಕ

100 ಮಿಮೀ ಸರಳು ಎರಡು ನಿಮಿಷದಲ್ಲಿ ತುಂಡಾದರೆ ಹೆಡ್ ನಿಮಿಷಕ್ಕೆ ಸರಾಸರಿ 50 ಮಿಮೀ ಇಳಿದಂತಾಯಿತು. ಒಂದು ಹಲ್ಲು ಕೀಳುವ ಲೋಹದ ದಪ್ಪ ಎಷ್ಟು? ಇಳಿಯುವ ವೇಗವನ್ನು ಹಲ್ಲಿನ ಅಂತರದಿಂದ ಗುಣಿಸಿ ಬ್ಲೇಡಿನ ವೇಗದಿಂದ ಭಾಗಿಸಿದರೆ ಸಿಗುವ ಉತ್ತರ ಸುಮಾರು 6 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಆರು ಪಾಲು. ಇದನ್ನು ಹಲ್ಲಿನ ತುತ್ತು ಎಂದು ಕರೆಯುತ್ತೇನೆ.

ಈ ತುತ್ತನ್ನು ಹಲ್ಲಿನ ಹರಿತದ ಜೊತೆ ಇಟ್ಟು ನೋಡಬೇಕು. ಕಣ್ಣಿಗೆ ಚೂಪಾಗಿ ಕಂಡರೂ ಯಾವ ಹಲ್ಲಿನ ಅಂಚೂ ಗೆರೆಯಷ್ಟು ತೆಳುವಲ್ಲ. ಸೂಕ್ಷ್ಮದರ್ಶಕದಡಿ ಅದು ಸಣ್ಣದಾಗಿ ದುಂಡಗಿರುತ್ತದೆ. ಬ್ಯಾಂಡ್ ಸಾ ಕುರಿತು ದೀರ್ಘಕಾಲ ಕೆಲಸ ಮಾಡಿದ ಇಂಗ್ಲೆಂಡಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದ ಮೊಹಮ್ಮದ್ ಸರ್ವರ್ ಮತ್ತು ಅವರ ಸಹೋದ್ಯೋಗಿಗಳು 2009ರ ಪ್ರಬಂಧದಲ್ಲಿ ಈ ದುಂಡಿನ ತ್ರಿಜ್ಯವನ್ನು 5ರಿಂದ 15 ಮೈಕ್ರಾನ್ ಎಂದೂ, ಹಲ್ಲು ತೆಗೆಯುವ ಪದರದ ದಪ್ಪವನ್ನು 5ರಿಂದ 50 ಮೈಕ್ರಾನ್ ಎಂದೂ ಕೊಡುತ್ತಾರೆ. ಲೇತಿನ ಟೂಲಿಗೂ ಗರಗಸದ ಹಲ್ಲಿಗೂ ಇರುವ ದೊಡ್ಡ ಅಂತರ ಇದೇ. ಲೇತಿನ ಟೂಲು ತನ್ನ ಅಂಚಿಗಿಂತ ಎಷ್ಟೋ ಪಾಲು ದಪ್ಪದ ಪದರವನ್ನು ಸುಲಿಯುತ್ತದೆ. ಗರಗಸದ ಹಲ್ಲು ತನ್ನ ಅಂಚಿನ ದುಂಡಿಗೆ ಸರಿಸಮನಾದ ಪದರದ ಜೊತೆ ಹೆಣಗುತ್ತದೆ.

ಈಗ ‘ಲೋಡ್ ಕಮ್ಮಿ’ ಮಾಡೋಣ. ಅದೇ ಸರಳು ಹತ್ತು ನಿಮಿಷ ತೆಗೆದುಕೊಳ್ಳಲಿ. ತುತ್ತು 1.2 ಮೈಕ್ರಾನಿಗೆ ಇಳಿಯುತ್ತದೆ. ಅಂಚಿನ ದುಂಡು 5 ಮೈಕ್ರಾನ್ ಇರುವಾಗ 1.2 ಮೈಕ್ರಾನ್ ಪದರವನ್ನು ಹಲ್ಲು ಸಲೀಸಾಗಿ ಕೊಯ್ಯಲಾರದು; ಒತ್ತುತ್ತದೆ, ಉಜ್ಜುತ್ತದೆ, ಮೇಲೆ ಜಾರುತ್ತದೆ. ಉಜ್ಜಿದಲ್ಲಿ ಶಾಖ, ಶಾಖದಿಂದ ಸವೆತ. ದೂರದ ಲೆಕ್ಕ ನೋಡಿದರೂ ಹಾಗೆಯೇ. ಎರಡು ನಿಮಿಷದ ಕೊಯ್ತದಲ್ಲಿ ಬ್ಲೇಡು ಓಡುವುದು 120 ಮೀಟರ್, ಹತ್ತು ನಿಮಿಷದ ಕೊಯ್ತದಲ್ಲಿ 600 ಮೀಟರ್. ಅಷ್ಟೇ ಲೋಹಕ್ಕೆ ಐದು ಪಟ್ಟು ಉಜ್ಜಾಟ.

ಸ್ಟೇನ್‌ಲೆಸ್ 304ರಲ್ಲಿ ಈ ತಪ್ಪು ಇನ್ನೂ ದುಬಾರಿ. ಉಜ್ಜಿದಷ್ಟೂ ಗಡಸಾಗುವುದು ಆ ಲೋಹದ ಗುಣ. ಕೊಯ್ಯದೆ ಜಾರಿದ ಹಲ್ಲು ಹಿಂದೆ ಬಿಟ್ಟುಹೋದ ಗಡಸು ಪೊರೆಯ ಮೇಲೆ ಮುಂದಿನ ಹಲ್ಲು ಬೀಳುತ್ತದೆ. ಆದ್ದರಿಂದ 304ಕ್ಕೆ ಇಳಿಸಬೇಕಾದದ್ದು ಬ್ಲೇಡಿನ ಓಟದ ವೇಗ, ಸಾಮಾನ್ಯವಾಗಿ ನಿಮಿಷಕ್ಕೆ 25ರಿಂದ 40 ಮೀಟರಿಗೆ. ತುತ್ತನ್ನು ಇಳಿಸಬಾರದು, ಹಲ್ಲು ಗಡಸು ಪೊರೆಯ ಅಡಿಗೆ ಹೋಗಿ ಕೊಯ್ಯಬೇಕು.

ತುತ್ತು ಸರಿಯಿದೆಯೇ ಎಂಬುದನ್ನು ಚಿಪ್ಸ್ ಹೇಳುತ್ತದೆ. ಯಂತ್ರ ನಿಲ್ಲಿಸಿ ಕೊಯ್ತದಡಿ ಬಿದ್ದ ಚಿಪ್ಸನ್ನು ಬ್ರಷ್ಷಿನಿಂದ ಬಿಳಿ ಕಾಗದದ ಮೇಲೆ ಎಳೆದುಕೊಂಡು ನೋಡಬೇಕು. ಬೆಳ್ಳಗಿರುವ ಸಡಿಲ ಸುರುಳಿಗಳು ಬಂದರೆ ಎಂ.ಎಸ್.ಗೆ ಹದ ಸರಿಯಿದೆ. ರವೆಯಂಥ ಪುಡಿ ಬಂದರೆ ತುತ್ತು ಸಾಲದು. ದಪ್ಪಗೆ, ನೀಲಿಗಟ್ಟಿ, ಬಿಗಿಯಾಗಿ ಸುತ್ತಿಕೊಂಡಿದ್ದರೆ ತುತ್ತು ಮೀರಿದೆ ಅಥವಾ ವೇಗ ಹೆಚ್ಚಾಗಿದೆ. ಬೀಡು ಕಬ್ಬಿಣಕ್ಕೆ ಈ ಪರೀಕ್ಷೆ ಒಗ್ಗದು. ಅದು ಹೇಗೆ ಕೊಯ್ದರೂ ಪುಡಿಯೇ ಕೊಡುತ್ತದೆ.

ವಾಲ್ವ್ ಎಷ್ಟು ತೆರೆದರೂ ಹೆಡ್ ಇಳಿಯುವ ವೇಗ ಹೆಚ್ಚದಿದ್ದರೆ ಅದೂ ಒಂದು ಸುಳಿವೇ. ತೂಕದಿಂದ ಇಳಿಯುವ ಯಂತ್ರದಲ್ಲಿ ವಾಲ್ವ್ ವೇಗದ ಮೇಲ್ಮಿತಿ ಹೇಳುತ್ತದೆಯೇ ಹೊರತು ಹಲ್ಲನ್ನು ಲೋಹದೊಳಕ್ಕೆ ತಳ್ಳುವುದಿಲ್ಲ. ಅಲ್ಲಿಗೆ ಬ್ಲೇಡು ಮೊಂಡಾಗಿರುವ ಸಾಧ್ಯತೆ ಹೆಚ್ಚು. ಹೆಡ್ಡಿಗೆ ಭಾರ ಕಟ್ಟಿ ಮೊಂಡು ಬ್ಲೇಡಿನಿಂದ ಕೆಲಸ ತೆಗೆಯುವುದು ಓರೆ ಕೊಯ್ತಕ್ಕೆ ನೇರ ದಾರಿ.

4. ಬಳುಕಿನ ಲೆಕ್ಕ

ಪಟ್ಟಿ ಗರಗಸದ, ಅಂದರೆ ಬ್ಯಾಂಡ್ ಸಾದ, ಕಲ್ಪನೆಗೆ ಲಂಡನ್ನಿನ ವಿಲಿಯಂ ನ್ಯೂಬೆರಿ 1809ರಲ್ಲಿ ಪೇಟೆಂಟ್ ಪಡೆದರು. ಅದು ಮರ ಕೊಯ್ಯುವ ಯಂತ್ರ. ಕಲ್ಪನೆ ಸರಿಯಿದ್ದರೂ ಅಂದಿನ ಉಕ್ಕಿನ ಪಟ್ಟಿಯಾಗಲಿ ಅದರ ಬೆಸುಗೆಯಾಗಲಿ ಚಕ್ರದ ಮೇಲಿನ ನಿರಂತರ ಬಳುಕನ್ನು ತಾಳಲಿಲ್ಲ. ಬೆಸುಗೆಯ ಒಂದು ವಿಧಾನಕ್ಕೆ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಮಹಿಳೆ 1846ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅದರ ಹಕ್ಕನ್ನು ಪ್ಯಾರಿಸ್ಸಿನ ಪೆರಿನ್ ಕಂಪನಿ ಕೊಂಡ ಮೇಲೆ ಯಂತ್ರ ಕಾರ್ಖಾನೆಗಳಿಗೆ ಬಂತು. ಈ ಗರಗಸದ ಮೂಲ ಸಂಕಟ ಬಳುಕು ಎಂಬುದು ಹೀಗೆ ಚರಿತ್ರೆಯಲ್ಲೇ ದಾಖಲಾಗಿದೆ. ಇಂದಿನ ಬ್ಲೇಡಿನಲ್ಲೂ ಆ ಸಂಕಟ ಹೋಗಿಲ್ಲ, ತಾಳುವ ಶಕ್ತಿ ಹೆಚ್ಚಿದೆ ಅಷ್ಟೆ.

ನೇರ ಪಟ್ಟಿಯನ್ನು ಚಕ್ರಕ್ಕೆ ಸುತ್ತಿದಾಗ ಅದರ ಹೊರಮೈ ಹಿಗ್ಗುತ್ತದೆ. ಆ ಹಿಗ್ಗಿನ ಒತ್ತಡ ತಿಳಿಯಲು ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕವಾದ 2,05,000 ನ್ಯೂಟನ್/ಚ.ಮಿಮೀ.ಯನ್ನು ಬ್ಲೇಡಿನ ದಪ್ಪದಿಂದ ಗುಣಿಸಿ ಚಕ್ರದ ವ್ಯಾಸದಿಂದ ಭಾಗಿಸಬೇಕು. ನಮ್ಮ ಮಾದರಿಯಲ್ಲಿ ಅದು ಸುಮಾರು 460. ಬ್ಲೇಡನ್ನು ಬಿಗಿಯುವುದರಿಂದ ಬರುವ ಒತ್ತಡ, ಟೆನ್ಷನ್, ಬೈಮೆಟಲ್ ಬ್ಲೇಡಿಗೆ 200ರ ಆಸುಪಾಸು. ಬಿಗಿತಕ್ಕಿಂತ ಬಳುಕಿನ ಒತ್ತಡ ಎರಡು ಪಟ್ಟಿಗೂ ಹೆಚ್ಚು. ಟೆನ್ಷನ್ ಜಾಸ್ತಿಯಾಗಿ ಬ್ಲೇಡು ತುಂಡಾಯಿತು ಎಂಬ ಊಹೆಯನ್ನು ಒಪ್ಪುವ ಮುನ್ನ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಇದೇ ಬ್ಲೇಡನ್ನು 300 ಮಿಮೀ ಚಕ್ರದ ಯಂತ್ರಕ್ಕೆ ಹಾಕಿದರೆ ಬಳುಕಿನ ಒತ್ತಡ 615ಕ್ಕೆ ಏರುತ್ತದೆ. ದಪ್ಪ ಬ್ಲೇಡು ಗಟ್ಟಿ ಎಂದು ಸಣ್ಣ ಯಂತ್ರಕ್ಕೆ ತಂದು ಹಾಕಿದಾಗ ಅದು ಬೇಗ ಬಿರುಕು ಬಿಡುವುದು ಇದಕ್ಕೇ.

ಒಂದು ಸುತ್ತಿಗೆ ಎರಡು ಚಕ್ರ, ಎರಡು ಬಳುಕು. ಎರಡು ನಿಮಿಷದ ಕೊಯ್ತದಲ್ಲಿ ಬ್ಲೇಡಿನ ಪ್ರತಿ ಬಿಂದುವೂ ಸುಮಾರು 70 ಸಲ ಬಳುಕಿ ನೆಟ್ಟಗಾಗುತ್ತದೆ. ಹತ್ತು ನಿಮಿಷದ ಕೊಯ್ತದಲ್ಲಿ ಸುಮಾರು 350 ಸಲ. ಹಗುರ ಕೊಯ್ತ ಹಲ್ಲನ್ನು ಸವೆಸುವುದಷ್ಟೇ ಅಲ್ಲ, ಪ್ರತಿ ತುಂಡಿಗೆ ಬ್ಲೇಡಿನ ಬೆನ್ನಿನ ಆಯಸ್ಸನ್ನೂ ಐದು ಪಟ್ಟು ಹೆಚ್ಚು ಖರ್ಚು ಮಾಡುತ್ತದೆ.

ಮುರಿದ ಬ್ಲೇಡನ್ನು ಗುಜರಿಗೆ ಹಾಕುವ ಮೊದಲು ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಬಿರುಕು ಎಲ್ಲಿಂದ ಹೊರಟಿದೆ ಎಂಬುದು ಮುಖ್ಯ. ಹಲ್ಲಿನ ಸಂದಿನಿಂದ ಹೊರಟಿದ್ದರೆ ದಣಿವು, ಸಣ್ಣ ಚಕ್ರ, ಅತಿ ಒತ್ತಡ ಇವುಗಳನ್ನು ವಿಚಾರಿಸಬೇಕು. ಬೆನ್ನಿನಿಂದ ಹೊರಟಿದ್ದರೆ ಬೆನ್ನು ಎಲ್ಲೋ ತಿಕ್ಕುತ್ತಿದೆ: ಚಕ್ರದ ಅಂಚಿನ ಕಟ್ಟೆಗೆ ತಾಗುತ್ತಿರಬಹುದು, ಇಲ್ಲವೆ ಬೆನ್ನಿಗೆ ಆಸರೆಯಾದ ಗೈಡ್ ಬೇರಿಂಗ್ ತಿರುಗದೆ ಗೀರುಬಿದ್ದಿರಬಹುದು. ಬೆಸುಗೆಯಲ್ಲೇ ಬಿಟ್ಟುಕೊಂಡಿದ್ದರೆ ಅದು ಬೆಸುಗೆಯವನ ಅಂಗಡಿಗೆ ಹೋಗಬೇಕಾದ ದೂರು.

ಟೆನ್ಷನ್ ಅಳೆಯುವ ಮೀಟರ್ ಇಲ್ಲದಿದ್ದರೂ ವರ್ನಿಯರ್ ಇದ್ದರೆ ಸಾಕು. ಯಂತ್ರದ ಮೇನ್ ಸ್ವಿಚ್ ತೆಗೆದು, ಬ್ಲೇಡು ಸಡಿಲವಾಗಿ ನೆಟ್ಟಗೆ ನಿಂತ ಸ್ಥಿತಿಯಲ್ಲಿ ನೇರ ಭಾಗದ ಮೇಲೆ 300 ಮಿಮೀ ಅಂತರದಲ್ಲಿ ವರ್ನಿಯರಿನ ಎರಡು ದವಡೆಗಳನ್ನು ಸಣ್ಣ ಕ್ಲಾಂಪಿನಿಂದ ಹಿಡಿಸಬೇಕು. ಜಾರುವ ದವಡೆಯ ಸ್ಕ್ರೂ ಸಡಿಲವಿರಲಿ. ಟೆನ್ಷನ್ ಕೊಡುತ್ತ ಹೋದಂತೆ ಅಂತರ 0.3 ಮಿಮೀ ಹೆಚ್ಚಿದಾಗ ಒತ್ತಡ 200ಕ್ಕೆ ಬಂದಿರುತ್ತದೆ. ಯಂತ್ರ ತಯಾರಕರು ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಹಗುರ ಫ್ರೇಮು ಇಷ್ಟು ಎಳೆತ ತಾಳದಿರಬಹುದು. ನಮ್ಮ ಬ್ಲೇಡಿಗೆ 200 ಎಂದರೆ ಎರಡೂ ಬದಿ ಸೇರಿ ಹತ್ತಿರ ಹತ್ತಿರ ಒಂದು ಟನ್ ಎಳೆತ.

5. ಓರೆ ಕೊಯ್ತ: ಬಿಲ್ಲೆಯ ಪರೀಕ್ಷೆ

ಓರೆ ಬಂತೆಂದರೆ ಕೈ ಮೊದಲು ಸರಳನ್ನು ಹಿಡಿಯುವ ವೈಸಿನ ಬೋಲ್ಟಿಗೋ ಸರಳಿನ ಇಕ್ಕೆಲದಲ್ಲಿ ಬ್ಲೇಡನ್ನು ಹಿಡಿಯುವ ಗೈಡಿನ ಬೋಲ್ಟಿಗೋ ಹೋಗುತ್ತದೆ. ಒಮ್ಮೆ ಬಿಚ್ಚಿದ ಮೇಲೆ ಮೊದಲಿನ ಸ್ಥಿತಿ ಏನಿತ್ತೆಂದು ತಿಳಿಯುವ ದಾರಿಯೇ ಉಳಿಯುವುದಿಲ್ಲ. ಬಿಚ್ಚುವ ಮೊದಲು ಅಳೆಯಬೇಕು.

ಸಾಮಾನ್ಯವಾಗಿ ಒಂದು ಬಿಲ್ಲೆ ಕೊಯ್ದು ಸುತ್ತಲೂ ದಪ್ಪ ಅಳೆಯುತ್ತಾರೆ. ಎಲ್ಲ ಕಡೆ ದಪ್ಪ ಸಮನಾಗಿದ್ದರೆ ಯಂತ್ರ ಸರಿಯಿದೆ ಎನ್ನುತ್ತಾರೆ. ಈ ಅಳತೆ ಮೋಸ ಮಾಡುತ್ತದೆ. ಯಂತ್ರ ಎರಡು ಸಲವೂ ಒಂದೇ ಕಡೆಗೆ ಓರೆ ಕೊಯ್ದರೆ ಎರಡು ಮುಖಗಳೂ ಒಂದಕ್ಕೊಂದು ಸಮಾನಾಂತರವಾಗಿಯೇ ಇರುತ್ತವೆ, ಓರೆ ಅಡಗಿಕೊಳ್ಳುತ್ತದೆ.

ಅಡಗಿದ್ದನ್ನು ಹೊರತರಲು ಸರಳನ್ನು ತಿರುಗಿಸಬೇಕು. ಸರಳಿನ ನೆತ್ತಿಯ ಮೇಲೆ ಉದ್ದಕ್ಕೆ ಚಾಕ್ ಗೆರೆ ಎಳೆದು ಒಮ್ಮೆ ಕೊಯ್ಯಬೇಕು. ನಂತರ ಸರಳನ್ನು ಅದರ ಅಕ್ಷದ ಸುತ್ತ 180 ಡಿಗ್ರಿ ಹೊರಳಿಸಿ, ಗೆರೆಯನ್ನು ಕೆಳಗೆ ತಂದು, ಸುಮಾರು 15 ಮಿಮೀ ಮುಂದೂಡಿ ಮತ್ತೆ ಕೊಯ್ಯಬೇಕು. ಈಗ ಸಿಗುವ ಬಿಲ್ಲೆಯಲ್ಲಿ ಎರಡು ಓರೆಗಳು ಎದುರುಬದುರಾಗಿ ಸೇರಿ ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಮೇಲೆ ಕೆಳಗೆ ದಪ್ಪದ ವ್ಯತ್ಯಾಸ 0.4 ಮಿಮೀ ಬಂದರೆ ನಿಜವಾದ ಓರೆ 100 ಮಿಮೀಗೆ 0.2.

ವ್ಯತ್ಯಾಸ ಯಾವ ದಿಕ್ಕಿನಲ್ಲಿದೆ ಎಂಬುದರಿಂದ ಕಾರಣ ಬೇರ್ಪಡುತ್ತದೆ. ವೈಸಿನ ಒಂದು ದವಡೆಯ ಕಡೆಗೂ ಇನ್ನೊಂದರ ಕಡೆಗೂ ವ್ಯತ್ಯಾಸವಿದ್ದರೆ ವೈಸ್ ಬ್ಲೇಡಿಗೆ ನೇರ ಮೂಲೆಯಲ್ಲಿಲ್ಲ. ಮೂಲೆಮಟ್ಟ ಇಟ್ಟು ಸ್ಥಿರ ದವಡೆಯನ್ನು ಸರಿಪಡಿಸಬೇಕು. ಮೇಲೆ ಕೆಳಗೆ ವ್ಯತ್ಯಾಸವಿದ್ದು ಕೊಯ್ದ ಮುಖ ಸಮತಟ್ಟಾಗಿದ್ದರೆ ಗೈಡುಗಳು ಬ್ಲೇಡನ್ನು ಲಂಬವಾಗಿ ಹಿಡಿದಿಲ್ಲ. ಮುಖ ಸಮತಟ್ಟಾಗಿಲ್ಲದೆ ಹೊಟ್ಟೆ ಬಿಟ್ಟಿದ್ದರೆ, ಸ್ಕೇಲಿಟ್ಟು ಬೆಳಕಿಗೆ ಹಿಡಿದಾಗ ಅದು ಕಾಣುತ್ತದೆ, ಆಗ ಬ್ಲೇಡೇ ಬಾಗುತ್ತಿದೆ: ಟೆನ್ಷನ್ ಕಡಿಮೆ, ಒತ್ತಡ ಹೆಚ್ಚು ಅಥವಾ ಗೈಡುಗಳು ಸರಳಿನಿಂದ ದೂರ.

ಈ ಕೊನೆಯ ಕಾರಣಕ್ಕೆ ಹೆಚ್ಚಿನ ಗಮನ ಬೇಕು. ಎರಡು ಆಸರೆಗಳ ನಡುವಿನ ಪಟ್ಟಿಯ ಬಾಗು ಆಸರೆಗಳ ಅಂತರದ ಘನಕ್ಕೆ ಅನುಗುಣ. ಟೆನ್ಷನ್ನಿನ ನೆರವಿರುವುದರಿಂದ ಬ್ಲೇಡಿನಲ್ಲಿ ಅಷ್ಟು ತೀವ್ರವಾಗಿರದು. ಆದರೂ ಅಂತರ ಅರ್ಧವಾದರೆ ಬಿಗುವು ಹಲವು ಪಟ್ಟು ಏರುತ್ತದೆ. ದೊಡ್ಡ ಜಾಬ್ ಮುಗಿದ ಮೇಲೆ ಗೈಡಿನ ತೋಳನ್ನು ಸರಿಸದೆ ಸಣ್ಣ ಸರಳು ಕೊಯ್ಯುವ ಅಭ್ಯಾಸ ಬಿಟ್ಟರೆ ಎಷ್ಟೋ ಓರೆಗಳು ಬಿಡಿಕಾಸಿನ ಖರ್ಚಿಲ್ಲದೆ ನೆಟ್ಟಗಾಗುತ್ತವೆ.

ಬಿಲ್ಲೆಗೆ ಬಿಲ್ಲೆ ಓರೆ ಹೆಚ್ಚುತ್ತಲೇ ಹೋದರೆ ಯಂತ್ರವನ್ನು ಬಿಟ್ಟು ಬ್ಲೇಡನ್ನು ನೋಡಬೇಕು. ಹಲ್ಲುಗಳನ್ನು ಎಡಕ್ಕೂ ಬಲಕ್ಕೂ ಬಾಗಿಸಿರುತ್ತಾರೆ, ಅದೇ ಸೆಟ್. ಒಂದು ಬದಿಯ ಹಲ್ಲು ಗೈಡಿಗೋ ವೈಸಿಗೋ ತಾಗಿ ಮೊಂಡಾದರೆ ಬ್ಲೇಡು ಹರಿತ ಉಳಿದ ಬದಿಗೆ ಎಳೆಯುತ್ತದೆ. ಹೊಸ ಬ್ಲೇಡು ಹಾಕಿದಾಗ ಓರೆ ಮಾಯವಾದರೆ ತಪ್ಪು ಬ್ಲೇಡಿನದು. ಆದರೆ ಆ ಬ್ಲೇಡನ್ನು ತಿಂದ ಗೈಡು ಇನ್ನೂ ಅಲ್ಲೇ ಇದೆ ಎಂಬುದನ್ನು ಮರೆಯಬಾರದು.

6. ಹಲ್ಲು ಉದುರುವುದು

ಲೋಹದೊಳಗೆ ಯಾವಾಗಲೂ ಕನಿಷ್ಠ ಮೂರು ಹಲ್ಲುಗಳಿರಬೇಕು. ಆರರಿಂದ ಹನ್ನೆರಡು ಇದ್ದರೆ ಹದ. ನಮ್ಮ ಮಾದರಿಯಲ್ಲಿ ಸರಳಿನ ನಡುಮಧ್ಯೆ ಹದಿಮೂರು ಹದಿನಾಲ್ಕು ಹಲ್ಲುಗಳಿರುತ್ತವೆ, ಚಿಂತೆಯಿಲ್ಲ. ಅದೇ ಬ್ಲೇಡಿನಿಂದ 3 ಮಿಮೀ ಗೋಡೆಯ ಪೈಪು ಕೊಯ್ದರೆ ಗೋಡೆಯೇ 7.3 ಮಿಮೀ ಸಂದಿನೊಳಗೆ ಬಿದ್ದುಬಿಡುತ್ತದೆ. ಮುಂದಿನ ಹಲ್ಲು ಬಂದು ಗೋಡೆಗೆ ಎದೆಕೊಟ್ಟು ಬಡಿಯುತ್ತದೆ. ಪೈಪಿಗೆ 8/12 ಅಥವಾ 10/14ರಂಥ ಸಣ್ಣ ಹಲ್ಲಿನ ಬ್ಲೇಡು ಬೇಕು. ದಿನವೂ ಎರಡು ಬಗೆಯ ಮಾಲು ಬರುವ ಶೆಡ್ಡಿನಲ್ಲಿ ಎರಡು ಬ್ಲೇಡು ಇಟ್ಟುಕೊಳ್ಳುವುದೇ ಮಿತವ್ಯಯ.

ಇನ್ನೊಂದು ಸಂದರ್ಭ ಅರ್ಧ ಕೊಯ್ತದಲ್ಲಿ ಬ್ಲೇಡು ಬದಲಿಸುವುದು. ಸವೆದ ಬ್ಲೇಡು ಮಾಡಿದ ಗಾಡಿ, ಅಂದರೆ ಕೊಯ್ತದ ಸೀಳು, ಕಿರಿದು, ಹೊಸ ಬ್ಲೇಡಿನ ಸೆಟ್ ಅಗಲ. ಹಳೆಯ ಗಾಡಿಗೆ ಇಳಿಸಿದರೆ ಹೊಸ ಹಲ್ಲುಗಳು ಇಕ್ಕೆಲದಲ್ಲೂ ಸಿಕ್ಕಿಕೊಂಡು ಮೊದಲ ನಿಮಿಷದಲ್ಲೇ ಕೆಡುತ್ತವೆ. ಸರಳನ್ನು ಹೊರಳಿಸಿ ಹೊಸ ಕಡೆಯಿಂದ ಆರಂಭಿಸಬೇಕು.

ಹಗುರ ಕೈಗೆ ನಿಜವಾದ ಜಾಗ ಒಂದಿದೆ, ಹೊಸ ಬ್ಲೇಡನ್ನು ಪಳಗಿಸುವಾಗ. ಹೊಸ ಹಲ್ಲಿನ ಅಂಚು ತೀರ ತೆಳು. ಪೂರ್ಣ ಒತ್ತಡ ಬಿದ್ದರೆ ಸಣ್ಣಗೆ ಚಕ್ಕೆ ಏಳುತ್ತದೆ. ಮೊದಲ 300ರಿಂದ 600 ಚದರ ಸೆಂಟಿಮೀಟರ್ ಕೊಯ್ತದವರೆಗೆ ವೇಗವನ್ನು ಹಾಗೆಯೇ ಇಟ್ಟು ಇಳಿತವನ್ನು ಅರ್ಧದ ಆಸುಪಾಸಿಗೆ ತಂದು, ಆಮೇಲೆ ನಿಧಾನವಾಗಿ ಏರಿಸಬೇಕು. 100 ಮಿಮೀ ಸರಳಿನ ಒಂದು ಮುಖ 78.5 ಚ.ಸೆಂ.ಮೀ.; ಆದ್ದರಿಂದ ಮೊದಲ ನಾಲ್ಕರಿಂದ ಎಂಟು ತುಂಡುಗಳು ಬ್ಲೇಡಿನ ಪಳಗಾಟಕ್ಕೆ ಮೀಸಲು. ಆಗಲೂ ಚಿಪ್ಸ್ ಪುಡಿಯಾಗುವಷ್ಟು ಹಗುರ ಬೇಡ.

7. ಕೂಲಂಟ್ ಮತ್ತು ಬ್ರಷ್

ಹಲ್ಲಿನ ಸಂದು ಸರಳಿನಿಂದ ಹೊರಬಂದಾಗ ಖಾಲಿಯಾಗಬೇಕು. ಅದಕ್ಕೇ ತಂತಿಯ ಬ್ರಷ್ಷಿರುವುದು. ಬ್ರಷ್ ಸವೆದು ಹಲ್ಲಿಗೆ ತಾಗದೆ ಹೋದರೆ ಚಿಪ್ಸ್ ಅಂಟಿಕೊಂಡು ಮತ್ತೆ ಒಳಹೋಗುತ್ತದೆ. ತುಂಬಿದ ಬಾಯಿಗೆ ಇನ್ನೊಂದು ತುತ್ತು ತುರುಕಿದಂತೆ. ಯಂತ್ರದಲ್ಲೇ ಅತಿ ಅಗ್ಗದ ಭಾಗ ಇದಾದರೂ ಹಲ್ಲುದುರುವ ದೂರಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ನೀರಲ್ಲಿ ಬೆರೆಯುವ ಕಟಿಂಗ್ ಆಯಿಲ್ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟಿರಬೇಕು. ನೀರಿಗೆ ಎಣ್ಣೆ ಸುರಿಯಬೇಕು, ಎಣ್ಣೆಗೆ ನೀರಲ್ಲ. ಆವಿಯಾಗುವುದು ನೀರಾದರೂ ಚಿಪ್ಸಿಗೂ ಸರಳಿಗೂ ಅಂಟಿ ಎಣ್ಣೆಯೂ ಹೋಗುತ್ತಿರುತ್ತದೆ. ದಿನವೂ ಬರೀ ನೀರು ಸುರಿದರೆ ಕೆಲವೇ ವಾರಗಳಲ್ಲಿ ಟ್ಯಾಂಕಿಯಲ್ಲಿ ಉಳಿಯುವುದು ತುಕ್ಕುನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಣ್ಣೆಯನ್ನು ನೀರಿಗೆ ಬೆಸೆದ ಅಂಶವನ್ನೇ ಕೆಡಿಸಿ ಮೇಲೆ ಕೆನೆಯಂಥ ಪದರ ಕಟ್ಟಿಸುತ್ತವೆ. ಬೀಡು ಕಬ್ಬಿಣವನ್ನು ಸಾಮಾನ್ಯವಾಗಿ ಒಣಗಿಯೇ ಕೊಯ್ಯುತ್ತಾರೆ; ಪುಡಿ ಎಣ್ಣೆಯೊಡನೆ ಸೇರಿದರೆ ಅರೆಯುವ ಕೆಸರಾಗುತ್ತದೆ.

8. ತನಿಖೆಯ ಕ್ರಮ

ಮೇಲಿನದೆಲ್ಲ ಸೇರಿ ಒಂದು ಕ್ರಮ ಹೊರಡುತ್ತದೆ. ಮೊದಲು ಚಿಪ್ಸ್, ಆಮೇಲೆ ಕೊಯ್ದ ಮುಖ, ಆಮೇಲೆ ಬ್ಲೇಡು, ಕೊನೆಗೆ ಯಂತ್ರ. ಮೊದಲ ಮೂರನ್ನು ಓದಲು ಒಂದು ಬೋಲ್ಟನ್ನೂ ಬಿಚ್ಚಬೇಕಾಗಿಲ್ಲ. ಬದಲಾವಣೆ ಮಾಡುವಾಗ ಒಮ್ಮೆಗೆ ಒಂದೇ ಮಾಡಬೇಕು. ಟೆನ್ಷನ್, ಗೈಡು, ಲೋಡು ಮೂರನ್ನೂ ಒಟ್ಟಿಗೆ ತಿರುಗಿಸಿ ಯಂತ್ರ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು, ಮುಂದಿನ ಸಲ ಮತ್ತೆ ಕತ್ತಲು. ಬ್ಲೇಡು ಹಾಕಿದ ದಿನ, ಕೊಯ್ದ ಮಾಲು, ತುಂಡುಗಳ ಸಂಖ್ಯೆ, ತೆಗೆದ ಕಾರಣ ಈ ನಾಲ್ಕನ್ನು ಗೋಡೆಗೆ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಶೆಡ್ಡಿಗೆ ತನ್ನದೇ ದಾಖಲೆ ಸಿಗುತ್ತದೆ. ಸುತ್ತಿಟ್ಟ ಬ್ಲೇಡು ಬಿಚ್ಚಿಕೊಂಡಾಗ ಚಿಮ್ಮುತ್ತದೆ, ಆಗ ಕೈಗವಸು ಮತ್ತು ಕನ್ನಡಕ ಬೇಕು. ಓಡುವ ಯಂತ್ರದ ಬಳಿ ಕೈಗವಸು ಕೂಡದು.

9. ಮಿತಿ ಮತ್ತು ನಿರ್ಣಯ

ಇಲ್ಲಿನ 6 ಮೈಕ್ರಾನ್ ಸರಾಸರಿ ಅಂಕಿ. ಎಡ, ಬಲ, ನೇರ ಎಂದು ಸೆಟ್ ಮಾಡಿದ ಹಲ್ಲುಗಳಲ್ಲಿ ಗಾಡಿಯ ಒಂದೊಂದು ಅಂಚನ್ನು ಮೂರರಲ್ಲಿ ಒಂದು ಹಲ್ಲು ಮಾತ್ರ ಕೊಯ್ಯುವುದರಿಂದ ಅಲ್ಲಿ ತುತ್ತು ದಪ್ಪ. ದುಂಡು ಸರಳಿನ ಆರಂಭದಲ್ಲೂ ಕೊನೆಯಲ್ಲೂ ಅಗಲ ಕಡಿಮೆ. ತೂಕದಿಂದ ಇಳಿಯುವ ಹೆಡ್ಡಿನ ಭಾರವನ್ನೆಲ್ಲ ಅಲ್ಲಿ ಕೆಲವೇ ಹಲ್ಲುಗಳು ಹೊರುತ್ತವೆ. ಬಳುಕಿನ ಲೆಕ್ಕದಲ್ಲಿ ಗೈಡುಗಳು ಬ್ಲೇಡನ್ನು ತಿರುಚುವ ಒತ್ತಡವನ್ನು ಸೇರಿಸಿಲ್ಲ. ಆದರೆ ಹತ್ತು ನಿಮಿಷಕ್ಕೂ ಎರಡು ನಿಮಿಷಕ್ಕೂ ಇರುವ ಐದು ಪಟ್ಟಿನ ಅಂತರವನ್ನು ಈ ತಿದ್ದುಪಡಿಗಳು ಅಳಿಸುವುದಿಲ್ಲ.

ಹಗುರವಾಗಿ ಕೊಯ್ದರೆ ಬ್ಲೇಡು ಬಾಳುತ್ತದೆ ಎಂಬ ನಂಬಿಕೆ ಆದ್ದರಿಂದ ನಿಲ್ಲುವುದಿಲ್ಲ. ಅದು ಹುಟ್ಟಿದ್ದು ಬೆಲೆ ಬಾಳುವ ಬ್ಲೇಡನ್ನು ಕಾಪಾಡಬೇಕೆಂಬ ಕಾಳಜಿಯಿಂದಲೇ. ಆ ಕಾಳಜಿ ಸಫಲವಾಗಬೇಕಾದರೆ ವಾಲ್ವಿನ ಮೇಲಿರುವ ಕೈ ಒಮ್ಮೆ ಕೆಳಗಿಳಿದು ಒಂದು ಚಿಟಿಕೆ ಚಿಪ್ಸನ್ನು ಬಿಳಿ ಕಾಗದದ ಮೇಲೆ ಇಟ್ಟು ನೋಡಬೇಕು. ಅಲ್ಲಿ ಸುರುಳಿ ಕಂಡರೆ ಹಲ್ಲಿಗೆ ಅದರ ತುತ್ತು ಸಿಗುತ್ತಿದೆ. ಪುಡಿ ಕಂಡರೆ ಲೋಡು ಇನ್ನಷ್ಟು ಇಳಿಸುವ ಮುನ್ನ ಲೆಕ್ಕ ಮಾಡಬೇಕು.